ಹೊಸ್ತಿಲು ಬಿಟ್ಟೇಳದ ಲಿಸಿಲ್ಲ

ಟ್ರಾಯ್ ಕೋಟೆ ಹತ್ತು ವರ್ಷಕ್ಕೆ ಬಿತ್ತು. ಅಥೆನ್ಸಿನ ಕುಂಬಾರಗೇರಿಯ ಲಿಸಿಲ್ಲಜ್ಜಿಯ ಹೊಸ್ತಿಲು ಐವತ್ತು ವರ್ಷವಾದರೂ ಬಿದ್ದಿಲ್ಲ. ಸಾವಿರ ಹಡಗು ತಂದು ನಿಲ್ಲಿಸಿದರೂ ಬೀಳುವುದಿಲ್ಲ. ಏಕೆಂದರೆ ಅದರ ಮೇಲೆ ಲಿಸಿಲ್ಲಜ್ಜಿ ಕೂತಿದ್ದಾಳೆ.

ಬೆಳಕು ಹರಿದಾಗ ಕೂತರೆ ದೀಪ ಹಚ್ಚುವಾಗ ಏಳುತ್ತಾಳೆ. ಎದ್ದವಳು ಒಳಗೆ ಹೋಗುತ್ತಾಳೆಯೇ ಹೊರತು ಓಣಿಗೆ ಕಾಲಿಡುವುದಿಲ್ಲ. ಎಡಗೈಯಲ್ಲಿ ಉಣ್ಣೆ, ಬಲಗೈಯಲ್ಲಿ ಕದಿರು. ಬೇರೆಯವರ ಕದಿರಿಗೆ ಮಣ್ಣಿನ ಬಿಲ್ಲೆಯ ಭಾರವಿದ್ದರೆ ಇವಳದಕ್ಕೆ ಹೆಬ್ಬೆರಳು ಗಾತ್ರದ ಒಂದು ಸೀಸದ ಸುರುಳಿ. ಮನೆಯೊಳಗೆ ಹೋಗುವ ಮನುಷ್ಯ, ನಾಯಿ, ನೀರಿನ ಕೊಡ, ಎಲ್ಲವೂ ಅವಳನ್ನು ದಾಟಿಕೊಂಡೇ ಹೋಗಬೇಕು. ಒಮ್ಮೆ ಬಲಿಗೆಂದು ಕರೆದೊಯ್ಯುತ್ತಿದ್ದ ಹೋತವೊಂದು ಮೆರವಣಿಗೆಯಿಂದ ತಪ್ಪಿಸಿಕೊಂಡು, ಕೊಂಬು ತಗ್ಗಿಸಿ, ಈ ಬಾಗಿಲಿಗೇ ನುಗ್ಗಿ ಬಂತು. ಅಜ್ಜಿ ಕತ್ತೆತ್ತಿ ಒಂದು ನೋಟ ನೋಡಿದಳು. ಹೋತ ತಾನಾಗಿಯೇ ತಿರುಗಿ ಬಲಿಪೀಠದ ಕಡೆಗೆ ನಡೆಯಿತು. ಅದಕ್ಕೆ ಆ ದಾರಿಯೇ ವಾಸಿ ಎನಿಸಿರಬೇಕು.

ಇನ್ನೊಮ್ಮೆ ಭೂಮಿ ನಡುಗಿತು. ಇಡೀ ಓಣಿ ಬೀದಿಗೆ ಬಂದು ನಿಂತಿತು. ಅಜ್ಜಿ ಕೂತೇ ಇದ್ದಳು. ಅಕ್ಕಪಕ್ಕದ ಮೂರು ಗೋಡೆ ಉರುಳಿದವು, ಇವಳ ಬಾಗಿಲ ಚೌಕಟ್ಟು ಅಲುಗಲಿಲ್ಲ. ಚೌಕಟ್ಟನ್ನು ಅವಳೇ ಬೆನ್ನಿನಿಂದ ಹಿಡಿದಿದ್ದಳೆಂದು ಮೀನು ಮಾರುವವನು ಹೇಳಿದ. ಅವನು ಆ ದಿನ ಊರಲ್ಲೇ ಇರಲಿಲ್ಲ, ಅದು ಬೇರೆ ಮಾತು.

ಅಂದಿನಿಂದ ಸುದ್ದಿ ಹಬ್ಬಿತು: ಅಜ್ಜಿ ಕಲ್ಲಾಗುತ್ತಿದ್ದಾಳೆ. ರಾಜನ ಮಗಳು ಅಗ್ಲೌರಸಳಿಗೆ ಹಿಂದೆ ಆದದ್ದೇ ಇವಳಿಗೂ ಆಗುತ್ತಿದೆ. ಮೊದಲು ಹಿಮ್ಮಡಿ ಕಲ್ಲಾಯಿತು, ಆಮೇಲೆ ಮಂಡಿ, ಈ ಚಳಿಗಾಲಕ್ಕೆ ಸೊಂಟದವರೆಗೆ ಬಂದಿದೆ. ಅಳತೆ ಹಿಡಿದವರು ಯಾರೆಂದು ಯಾರೂ ಕೇಳಲಿಲ್ಲ. ಹೆಂಗಸರು ಅವಳ ಕಾಲ ಬಳಿ ಬಾರ್ಲಿ ರೊಟ್ಟಿ, ಒಣ ಅಂಜೂರ ಇಟ್ಟು, ತಮ್ಮ ಹೆಣ್ಣುಮಕ್ಕಳು ಜಗಳವಾಡದಿರಲೆಂದು ಬೇಡಿಕೊಂಡು ಹೋಗತೊಡಗಿದರು. ಆ ಅಂಜೂರವನ್ನು ಆಯ್ದು ಮಕ್ಕಳಿಗೆ ಹಂಚುವವಳು ಅವಳ ಸೋದರಳಿಯನ ಹೆಂಡತಿ ಪ್ಲಾಂಗೋ. ಕಲ್ಲಿನ ಕಥೆಯನ್ನು ಇಡೀ ಓಣಿಯಲ್ಲಿ ನಂಬದವಳು ಅವಳೊಬ್ಬಳೇ.

"ಕಲ್ಲಂತೆ ಕಲ್ಲು! ನಿನ್ನೆ ತಾನೆ ಬೇಳೆ ಗಂಜಿಗೆ ಉಪ್ಪು ಕಮ್ಮಿ ಅಂತ ಬೈಸ್ಕೊಂಡಿದ್ದೀನಿ. ಕಲ್ಲಿಗೆ ಉಪ್ಪು ಗೊತ್ತಾಗುತ್ತಾ?" ಎನ್ನುತ್ತಿದ್ದಳು.

ಆದರೆ ಅಜ್ಜಿ ಯಾಕೆ ಏಳುವುದಿಲ್ಲವೆಂಬುದು ಪ್ಲಾಂಗೋಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಒಬ್ಬಳಿದ್ದಳು, ಅದೇ ಓಣಿಯ ಮೀಕಾ. ಅವಳು ಸತ್ತು ಮೂವತ್ತು ವರ್ಷವಾಯಿತು.

ಲಿಸಿಲ್ಲ ಕುಂಬಾರ ಲೀಕೋನನ ಹಿರಿಯ ಮಗಳು, ಮೇಲೊಬ್ಬ ಅಣ್ಣ. ಲೀಕೋನನ ತಿಗರಿಯಲ್ಲಿ ಎಲ್ಲ ಬಗೆಯ ಪಾತ್ರೆಯೂ ಆಗುತ್ತಿತ್ತು, ಆದರೆ ಅವನಿಗೆ ಹೆಸರು ತಂದದ್ದು ಮದುವೆಹೂಜಿ. ಎದೆಯೆತ್ತರದ, ನೀಳ ಕತ್ತಿನ, ಎರಡು ಕಿವಿಯ ಹೂಜಿ. ಮದುವಣಗಿತ್ತಿಯ ಸ್ನಾನಕ್ಕೆ ಬುಗ್ಗೆಯ ನೀರನ್ನು ಅದರಲ್ಲೇ ತರಬೇಕು. ಮದುವೆಯಾಗದೆ ಹುಡುಗಿಯೊಬ್ಬಳು ಸತ್ತರೆ ಅದೇ ಹೂಜಿಯನ್ನು ಅವಳ ಗೋರಿಯ ಮೇಲೆ ನೆಡುತ್ತಾರೆ, ಇಲ್ಲಿ ತಪ್ಪಿದ ಸ್ನಾನ ಅಲ್ಲಾದರೂ ಆಗಲಿ ಎಂದು. ಎರಡಕ್ಕೂ ಇರುವ ವ್ಯತ್ಯಾಸ ಒಂದೇ. ಬದುಕಿರುವವಳ ಹೂಜಿಗೆ ತಳ ಇರುತ್ತದೆ. ಸತ್ತವಳ ಹೂಜಿಗೆ ತಳ ಇರುವುದಿಲ್ಲ. ಸುರಿದ ಹಾಲು, ಎಣ್ಣೆ, ದ್ರಾಕ್ಷಾರಸ ನೇರ ಅವಳಿಗೆ ಇಳಿಯಬೇಕು. ಗಿರಾಕಿ ಬಾಗಿಲಿಗೆ ಬಂದರೆ ಲೀಕೋನ ಕತ್ತೆತ್ತದೆ ಕೇಳುತ್ತಿದ್ದುದು ಅದೊಂದೇ: "ತಳ ಇರೋದಾ, ಇಲ್ಲದ್ದಾ?"

ಲಿಸಿಲ್ಲಳಿಗೆ ಅಕ್ಷರ ಬರುತ್ತಿತ್ತು. ಹೂಜಿಯ ಮೇಲೆ ಹೆಸರು ಬರೆಯುವುದಕ್ಕೆಂದು ಅಪ್ಪ ಕಲಿಸಿ, ಆ ಕೆಲಸವನ್ನು ಅವಳಿಗೇ ಬಿಟ್ಟಿದ್ದ. ಹಸಿ ಮಣ್ಣಿನ ಮೇಲೆ ಕಡ್ಡಿಯಿಂದ ತೀಡಿಸಿ ಅವಳು ತಂಗಿ ಹೆದೀಲೆಗೂ ಕಲಿಸಿದಳು. ಹೆದೀಲೆಯ ಅಕ್ಷರಗಳು ಆಗತಾನೆ ಹುಟ್ಟಿದ ಕರುವಿನ ಹಾಗೆ, ಎಲ್ಲವೂ ಎಡಕ್ಕೆ ವಾಲಿ ನಿಲ್ಲುತ್ತಿದ್ದವು.

"ಇದೇನೇ, ಎಲ್ಲಾ ಕುಡಿದಿವೆ?" ಎಂದು ಅಕ್ಕ ಕೇಳಿದರೆ, "ಹೂಜಿ ಮೇಲಲ್ವಾ ಬರೆಯೋದು, ಕುಡೀದೆ ಇರ್ತಾವಾ?" ಎನ್ನುವಳು.

ಹೆದೀಲೆಗೆ ಅಕ್ಷರ ಒಲಿಯದಿದ್ದರೇನು, ಗಂಟಲು ಒಲಿದಿತ್ತು. ಅವಳು ಮಗ್ಗದ ಮುಂದೆ ನಿಂತು ಹಾಡಿದರೆ ಓಣಿಯಲ್ಲಿ ಕತ್ತೆಗಳು ನಿಲ್ಲುತ್ತಿದ್ದವು, ಕತ್ತೆಯವರೂ ನಿಲ್ಲುತ್ತಿದ್ದರು. ಲಿಸಿಲ್ಲ ಹಾಡಿದರೆ ಇಬ್ಬರೂ ಮುಂದೆ ಹೋಗುತ್ತಿದ್ದರು. ಅಕ್ಕತಂಗಿಯರಿಗೆ ಒಂದೇ ಹಾಸಿಗೆ, ಒಂದೇ ಬಾಚಣಿಗೆ, ದಿನಕ್ಕೆ ನಾಲ್ಕು ಜಗಳ. ಜಗಳ ಜುಟ್ಟಿಗೆ ಬಂದಾಗ ತಾಯಿ ಫಿಲೀನ್ನ ಬಾಚಣಿಗೆ ಕಿತ್ತುಕೊಂಡು ಅದೇ ಕಥೆ ಹೇಳುತ್ತಿದ್ದಳು.

"ಈ ಬೆಟ್ಟದ ಮೇಲೆ ರಾಜನ ಹೆಣ್ಣುಮಕ್ಕಳಿದ್ರು. ಅವರಲ್ಲಿ ಹೆರ್ಸೆ ಚೆಲುವೆ. ಹರ್ಮೀಸ್ ದೇವರೇ ಅವಳನ್ನ ಕೇಳ್ಕೊಂಡು ಬಂದ. ಅಕ್ಕ ಅಗ್ಲೌರಸಿಗೆ ಹೊಟ್ಟೆ ಉರಿದುಹೋಯ್ತು. ತಂಗಿ ಕೋಣೆ ಬಾಗಿಲಿಗೆ ಅಡ್ಡ ಕೂತ್ಲು. 'ನೀನು ಹೋಗೋವರೆಗೂ ನಾನು ಏಳೋದಿಲ್ಲ' ಅಂದ್ಲು. ದೇವರು 'ಆಗಲಿ, ಏಳಲೇಬೇಡ' ಅಂದ. ಕಾಲಿಂದ ಕಲ್ಲಾಗ್ತಾ ಬಂದ್ಲು. ಕೊನೆಗೆ ಬಾಯಿ. ಕ್ಷಮಿಸು ಅನ್ನೋಕೂ ಆಗ್ಲಿಲ್ಲ."

"ಆಮೇಲೆ ಅವನು ಒಳಗೆ ಹೇಗೆ ಹೋದ?" ಹೆದೀಲೆ ಕೇಳುವಳು.

"ದಾಟ್ಕೊಂಡು ಹೋಗಿರ್ತಾನೆ. ಕಾಲಿಗೆ ರೆಕ್ಕೆ ಇಲ್ವಾ ಅವನಿಗೆ!" ಎಂದು ಲಿಸಿಲ್ಲ. ಇಬ್ಬರೂ ಬಿದ್ದುಬಿದ್ದು ನಗುವರು, ತಾಯಿಯ ಏಟು ಇಬ್ಬರಿಗೂ ಬೀಳುವುದು. ಕಥೆ ಮಾತ್ರ ಇಬ್ಬರ ತಲೆಯಲ್ಲೂ ಉಳಿಯಿತು.

ಲಿಸಿಲ್ಲಳಿಗೆ ಹದಿನೇಳು, ಹೆದೀಲೆಗೆ ಹದಿನೈದು ತುಂಬಿದ ವರ್ಷ, ಆಲಿವ್ ಕೊಯ್ಲಿನ ಹೊತ್ತಿಗೆ, ಎಣ್ಣೆ ಮಾರುವ ಅರ್ಖಿಪ್ಪಸನ ಕಡೆಯವರು ಲಿಸಿಲ್ಲಳನ್ನು ಕೇಳಿ ಬಂದರು. ಅರ್ಖಿಪ್ಪಸ್ ಒಳ್ಳೆಯವನು, ಅಗಲ ಭುಜ, ಎಣ್ಣೆಯ ವಾಸನೆ. ಚಳಿಗಾಲದ ಮದುವೆ ತಿಂಗಳಿಗೆ ಮಾತಾಯಿತು. ಅಪ್ಪ ತಿಗರಿಯ ಮೇಲೆ ಮಗಳ ಹೂಜಿಗೆ ಮಣ್ಣಿಟ್ಟ. ಯಾರೂ ಕೇಳದಿದ್ದರೂ, "ತಳ ಇರೋದು! ತಳ ಇರೋದು!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ.

ಹೆದೀಲೆ ಮೂರು ದಿನ ಹಾಡಲಿಲ್ಲ.

"ಏನಾಯ್ತೇ ನಿಂಗೆ?" ಎಂದು ಅಕ್ಕ ಕೇಳಿದಳು.

"ಏನಿಲ್ಲ. ಹಾಸಿಗೆ ಪೂರ್ತಿ ನಂದಾಯ್ತಲ್ಲ, ಖುಷಿಗೆ ಗಂಟಲು ಕಟ್ಟಿದೆ."

ಆ ವಾರವೇ ಮೂರು ಮನೆ ಆಚೆಯ ಮೀಕಾಳ ಒಬ್ಬಳೇ ಮಗಳು ಐಗ್ಲೆ ಜ್ವರದಲ್ಲಿ ತೀರಿಕೊಂಡಳು. ಅವಳಿಗೂ ಹದಿನೈದೇ. ಲೀಕೋನ ಲಿಸಿಲ್ಲಳ ಹೂಜಿಯನ್ನು ಪಕ್ಕಕ್ಕಿಟ್ಟು ಐಗ್ಲೆಯದಕ್ಕೆ ಕೂತ. ಈ ಸಲ ಯಾರೂ ಕೂಗಲಿಲ್ಲ. ಹೂಜಿಯನ್ನು ಅಕ್ಕತಂಗಿಯರೇ ಕಿವಿಗೊಬ್ಬರಂತೆ ಹಿಡಿದು, ಊರಬಾಗಿಲ ಆಚೆ, ಗೋರಿಗಳ ಬಳಿಗೆ ಹೊತ್ತರು. ಮೀಕಾ ಅತ್ತಳು, ಎಲ್ಲರೂ ಅತ್ತರು. ಹೆದೀಲೆ ಹೂಜಿಯ ಕತ್ತಿಗೆ ರಿಬ್ಬನ್ ಕಟ್ಟಲು ಬಗ್ಗಿದವಳು ಬಹಳ ಹೊತ್ತು ಏಳಲೇ ಇಲ್ಲ. ಗೆಳತಿಗಾಗಿ ಅಳುತ್ತಿದ್ದಾಳೆಂದು ಯಾರೂ ಅವಳನ್ನು ಎಬ್ಬಿಸಲಿಲ್ಲ.

ಹತ್ತು ದಿನಕ್ಕೆ ಅರ್ಖಿಪ್ಪಸನ ತಾಯಿ ಮತ್ತೆ ಬಂದಳು. ಹುಡುಗಿಗೆ ಕಿವಿಯೋಲೆಯ ಅಳತೆ ತೆಗೆದುಕೊಳ್ಳಲು ಬಂದವಳು ಅಂಗಳದಲ್ಲಿ ನಿಂತೇಬಿಟ್ಟಳು. ಮಗ್ಗದ ಕೋಣೆಯಿಂದ ಹಾಡು ಬರುತ್ತಿತ್ತು. ಕತ್ತೆಗಳು ನಿಲ್ಲುವ ಹಾಡು.

"ಯಾರದು?"

"ಚಿಕ್ಕವಳು," ಎಂದಳು ಫಿಲೀನ್ನ.

"ನಮ್ಮನೇಲಿ ನಾಲ್ಕು ಜನ ಗಂಡಸರು, ಬರೀ ಎಣ್ಣೆ ಮಾತು. ಇಂಥದೊಂದು ದನಿ ಇದ್ರೆ..." ಎಂದು ಅವಳು ರಾಗ ಎಳೆದಳು. ಆ ರಾಗ ಮುಗಿಯುವಷ್ಟರಲ್ಲಿ ಹುಡುಗಿ ಬದಲಾಗಿದ್ದಳು. ಲೀಕೋನ ಗೊಣಗಿದ, ತಲೆ ಕೆರೆದ, ಒಪ್ಪಿದ. ಹಿರಿಯವಳಿಗೆ ಇನ್ನೊಬ್ಬ ಸಿಗುತ್ತಾನೆ, ಎಣ್ಣೆಯವರ ನೆಂಟಸ್ತನ ತಪ್ಪಬಾರದು. ಹೂಜಿಯ ಮೇಲೆ ಬರೆದಿದ್ದ ಲಿಸಿಲ್ಲಳ ಹೆಸರನ್ನು ಒರೆಸಿ ಹೆದೀಲೆಯ ಹೆಸರು ಬರೆಯಬೇಕಾಯಿತು. ಬರೆಯುವವಳು ಯಾರು? ಮನೆಯಲ್ಲಿ ನೆಟ್ಟಗೆ ಬರೆಯಬಲ್ಲವಳು ಒಬ್ಬಳೇ ಇದ್ದಳು. ಬರೆದಳು. ಅಷ್ಟು ಚೆಂದದ ಅಕ್ಷರ ಅವಳು ಜನ್ಮದಲ್ಲಿ ಬರೆದಿರಲಿಲ್ಲ.

ಆ ಕೈಯಲ್ಲೇ ಇನ್ನೊಂದು ಬರಹವನ್ನೂ ಬರೆದಳು.

ನಮ್ಮ ಊರಲ್ಲಿ ಇದನ್ನು ಯಾರು ಮಾಡಿಲ್ಲ? ಹೊತ್ತಿಗೆ ಮೊದಲೇ ಸತ್ತವರು ಕೆಳಗಿನ ದೇವರುಗಳ ಬಾಗಿಲಲ್ಲಿ ಕಾಯುತ್ತಿರುತ್ತಾರೆ. ಅವರ ಗೋರಿಗೆ ಒಂದು ಸೀಸದ ಓಲೆ ಹಾಕಿದರೆ ಅವರೇ ಒಯ್ದು ಕೊಡುತ್ತಾರೆ. ಎದುರು ಕುಂಬಾರನ ಆವಿಗೆ ಸೀಳಲಿ ಎಂದು ಹಾಕಿದವರಿದ್ದಾರೆ. ನ್ಯಾಯಸಭೆಯಲ್ಲಿ ಎದುರಾಳಿಯ ನಾಲಿಗೆ ತೊದಲಲಿ ಎಂದು ಹಾಕಿದವರಿದ್ದಾರೆ. ಕುಂಬಾರರ ಮನೆಯಲ್ಲಿ ಸೀಸಕ್ಕೇನು ಬರ? ಸೀಳಿದ ಗುಡಾಣಗಳಿಗೆ ಬೆಸುಗೆ ಹಾಕಲು ಮೂಲೆಯಲ್ಲಿ ಸದಾ ಬಿದ್ದಿರುತ್ತದೆ. ಲಿಸಿಲ್ಲ ಒಂದು ಚೂರನ್ನು ಬಡಿದು ತೆಳ್ಳಗೆ ಮಾಡಿ, ಮೊಳೆಯಿಂದ ಗೀಚಿದಳು: "ಹೆದೀಲೆ, ಫಿಲೀನ್ನಳ ಮಗಳು. ಅವಳ ನಾಲಿಗೆ ಕಟ್ಟಿದೆ, ಗಂಟಲು ಕಟ್ಟಿದೆ, ಹಾಡು ಕಟ್ಟಿದೆ. ಈ ಸೀಸ ಹೇಗೆ ತಣ್ಣಗಿದೆಯೋ ಹಾಗೆ ತಣ್ಣಗಾಗಲಿ."

ಐಗ್ಲೆಯ ತಿಂಗಳ ಕರ್ಮಕ್ಕೆ ಹೆಂಗಸರೆಲ್ಲ ಹೋದಾಗ ಲಿಸಿಲ್ಲ ಹೂಜಿಗೆ ಎಣ್ಣೆ ಸುರಿದಳು. ಎಣ್ಣೆಯ ಹಿಂದೆಯೇ ಸೀಸದ ಸುರುಳಿ ಜಾರಿತು. ತಳವಿಲ್ಲದ ಹೂಜಿ, ಎಲ್ಲಿಯೂ ತಡೆಯಲಿಲ್ಲ.

ಎರಡು ವಾರವಾದ ಮೇಲೆ ಬೆಳಗ್ಗೆ ಹೆದೀಲೆ ಮಗ್ಗದ ಮುಂದೆ ನಿಂತು ಬಾಯಿ ತೆರೆದಳು. ಹಾಡಿನ ಬದಲು ಒಣ ಎಲೆ ತುಳಿದಂಥ ಸದ್ದು ಬಂತು.

ಇದನ್ನು ಮುಚ್ಚಿಡಬಾರದು: ಲಿಸಿಲ್ಲಳಿಗೆ ಒಂದು ಇಡೀ ದಿನ ಸಂತೋಷವಾಯಿತು. ಕದ್ದ ಅಂಜೂರ ಮೆಲ್ಲುವವಳ ಹಾಗೆ ಮೂಲೆಯಲ್ಲಿ ಕೂತು ಆ ಸಂತೋಷವನ್ನು ಮೆದ್ದಳು. ಮರುದಿನ ಹೆದೀಲೆಯ ಕತ್ತು ಊದಿತು. ಅದರ ಮರುದಿನ ನೀರು ಇಳಿಯಲಿಲ್ಲ. ವೈದ್ಯ ಬಂದು ಜೇನಿಗೆ ಏನೋ ಬೇರು ಅರೆದು ಹಚ್ಚಿ, ಅಪ್ಪನನ್ನು ಹೊರಗೆ ಕರೆದು ಮಾತಾಡಿ ಹೋದ. ರಾತ್ರಿ ಒಂದೇ ಹಾಸಿಗೆಯಲ್ಲಿ, ತಂಗಿಯ ಉಸಿರು ಕಿರಿದಾದ ಬಾಗಿಲಲ್ಲಿ ನುಸುಳುವ ಹಾಗೆ ನುಸುಳುವುದನ್ನು ಕೇಳುತ್ತ ಮಲಗಿದ ಲಿಸಿಲ್ಲಳಿಗೆ ಅಂಜೂರವೆಲ್ಲ ಬೂದಿಯಾಗಿತ್ತು. ಓಲೆ ತಲುಪಿದೆ. ಅದನ್ನು ವಾಪಸು ತೆಗೆದು ಕರಗಿಸಿದರೆ ಕಟ್ಟು ಬಿಚ್ಚುತ್ತದೆ. ತೆಗೆಯದಿದ್ದರೆ ತಂಗಿ ಉಳಿಯುವುದಿಲ್ಲ. ನೀರಿನ ಕೊಡ ಹೊತ್ತು ಬುಗ್ಗೆಗೆ ಹೋಗುವವಳಂತೆ ಬೆಳಗಾಗುತ್ತಲೇ ಹೊರಟಳು.

ವೀರರು ಪಾತಾಳಕ್ಕೆ ಇಳಿದ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಒಬ್ಬ ಅಲ್ಲಿನ ಕಾವಲುನಾಯಿಯನ್ನು ತಂದ, ಒಬ್ಬ ಹೆಂಡತಿಯನ್ನು ತರಲು ಹೋಗಿ ಬರಿಗೈಯಲ್ಲಿ ಬಂದ. ಲಿಸಿಲ್ಲಳ ಪಾತಾಳಯಾತ್ರೆ ಮೊಣಕೈಯವರೆಗೆ ಆಯಿತು. ಹೂಜಿಯ ಕತ್ತಿನಲ್ಲಿ ತೂರಿಸಿದ ತೋಳು ಅಲ್ಲಿಗೆ ಸಿಕ್ಕಿಹಾಕಿಕೊಂಡಿತು. ಅತ್ತ ಬೆರಳಿಗೆ ಮಣ್ಣು ತಾಕುವುದಿಲ್ಲ, ಇತ್ತ ತೋಳು ಬರುವುದಿಲ್ಲ. ಅಪ್ಪನ ಹೂಜಿಗಳು ಗಟ್ಟಿಮುಟ್ಟಾದುವೆಂದು ಊರೆಲ್ಲ ಹೊಗಳುತ್ತಿದ್ದುದು ಅವಳಿಗೆ ಆಗ ನೆನಪಾಯಿತು.

"ಯಾರೇ ಅದು, ನನ್ನ ಮಗಳ ಹೂಜಿಗೆ ಕೈ ಹಾಕಿರೋಳು?"

ಮೀಕಾ ಹಾಲಿನ ಗಿಂಡಿ ಹಿಡಿದು ನಿಂತಿದ್ದಳು. ಅವಳು ದಿನಾ ಬರುತ್ತಾಳೆಂದು ಲಿಸಿಲ್ಲಳಿಗೆ ಗೊತ್ತಿರಲಿಲ್ಲ.

"ನಾನು, ಮೀಕಮ್ಮ. ಲೀಕೋನನ ಮಗಳು."

"ದೊಡ್ಡೋಳೋ, ಚಿಕ್ಕೋಳೋ?"

"ದೊಡ್ಡೋಳು."

"ಏನು ಕದೀತಿದ್ದೀಯೇ? ಒಳಗಿರೋದು ನನ್ನ ಮಗಳು, ಅವಳ ಬಾಚಣಿಗೆ. ಎರಡರಲ್ಲಿ ಯಾವ್ದು ಬೇಕು ನಿಂಗೆ?"

"ಕದೀತಿಲ್ಲ. ನಾನು ಹಾಕಿದ್ದನ್ನ ತಗೀತಿದ್ದೀನಿ."

ಮೀಕಾಳಿಗೆ ತಕ್ಷಣ ಅರ್ಥವಾಯಿತು. ಈ ಊರಲ್ಲಿ ಗೋರಿಗೆ ಹಾಕುವಂಥದ್ದು ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

"ನನ್ನ ಮಗಳು ಹಸೆಮಣೆ ಹತ್ತದೆ ಹೋದ್ಲು. ಅವಳ ಕೈಗೆ ನಿನ್ನ ಹೊಟ್ಟೆಕಿಚ್ಚಿನ ಓಲೆ ಕೊಟ್ಟು ಕಳಿಸಿದ್ಯಾ? ಹೊತ್ಕೊಂಡು ಹೋಗೋಕೆ ಅವಳೇನು ನಿಮ್ಮನೆ ಆಳಾ?" ಎಂದಳು. ಆಮೇಲೆ, "ಯಾರ ಮೇಲೆ?"

"ಹೆದೀಲೆ ಮೇಲೆ."

"ಅಯ್ಯೋ ಪಾಪಿ."

"ಅವಳು ಸಾಯ್ತಿದ್ದಾಳೆ, ಮೀಕಮ್ಮ."

ಮೀಕಾ ಗಿಂಡಿಯನ್ನು ಕೆಳಗಿಟ್ಟು ಒಂದು ಕಲ್ಲು ಹುಡುಕಿ ತಂದಳು.

"ತಗೋ. ಒಡಿ."

"ಇದು ಐಗ್ಲೆಯದು..."

"ಐಗ್ಲೆಗೆ ನಿಮ್ಮಪ್ಪ ಇನ್ನೊಂದು ಮಾಡ್ಕೊಡ್ತಾನೆ. ನಿಮ್ಮಮ್ಮನಿಗೆ ಇನ್ನೊಬ್ಬ ಹೆದೀಲೆನ ಯಾರು ಮಾಡ್ಕೊಡ್ತಾರೆ? ಒಡಿಯೇ!"

ಒಡೆಯಿತು. ಇಬ್ಬರೂ ಮಂಡಿಯೂರಿ, ಎಣ್ಣೆ ಕುಡಿದ ಮಣ್ಣನ್ನು ಬೆರಳಿನಿಂದ ಬಗೆದರು. ಒಂದು ಗೇಣು ಕೆಳಗೆ ಸೀಸದ ಸುರುಳಿ ಸಿಕ್ಕಿತು. ಅದರ ಪಕ್ಕದಲ್ಲೇ ಇನ್ನೊಂದು.

"ಎರಡು ಹಾಕಿದ್ಯಾ?"

"ಇಲ್ಲ. ಒಂದೇ."

ಲಿಸಿಲ್ಲ ಎರಡನೆಯದನ್ನು ಬಿಚ್ಚಿದಳು. ಅಕ್ಷರಗಳು ಎಲ್ಲವೂ ಎಡಕ್ಕೆ ವಾಲಿದ್ದವು. ಆಗತಾನೆ ಹುಟ್ಟಿದ ಕರುಗಳು. "ಲಿಸಿಲ್ಲ, ಫಿಲೀನ್ನಳ ಮಗಳು. ಅವಳ ಕಾಲು ಕಟ್ಟಿದೆ, ಮಂಡಿ ಕಟ್ಟಿದೆ. ಅಪ್ಪನ ಹೊಸ್ತಿಲು ದಾಟದಿರಲಿ. ಕಥೆಯ ಅಕ್ಕನ ಹಾಗೆ ಅಲ್ಲೇ ಕೂತಿರಲಿ."

ಲಿಸಿಲ್ಲ ನಗತೊಡಗಿದಳು. ನಗು ನಿಲ್ಲದಿದ್ದಾಗ ಮೀಕಾ ಹೆದರಿ ಅವಳ ಭುಜ ಅಲುಗಿಸಿದಳು.

"ನಾವಿಬ್ರೂ ನಿಮ್ಮ ಮಗಳ ಕೈಲೇ ಕೊಟ್ಟಿದ್ವಿ, ಮೀಕಮ್ಮ. ಅವಳು ನಂಗಿಂತ ಮುಂಚೆ!"

ಮೀಕಾ ಬರಿದಾದ ಗುಂಡಿ ನೋಡುತ್ತ ಹೇಳಿದಳು, "ನನ್ನ ಕೂಸು. ಎರಡು ಕೈಲೂ ನಿಮ್ಮದೇ ಭಾರ."

ಹೊರಡುವ ಮುನ್ನ ಅವಳು ತಂದಿದ್ದ ಹಾಲನ್ನು ಇಬ್ಬರೂ ಸೇರಿ ಹೂಜಿಯಿಲ್ಲದ ಮಣ್ಣಿಗೇ ಸುರಿದರು. ಈ ಮಾತನ್ನು ಮೀಕಾ ಬದುಕಿರುವವರೆಗೂ ಯಾರಿಗೂ ಹೇಳಲಿಲ್ಲ. ಹೂಜಿಯನ್ನು ನಾಯಿ ಉರುಳಿಸಿತೆಂದಳು.

ಲಿಸಿಲ್ಲ ಮನೆ ಮುಟ್ಟಿದಾಗ ತಾಯಿ ಹಾಸಿಗೆಯ ಪಕ್ಕದಲ್ಲಿ ಕೂತಲ್ಲೇ ತೂಗುತ್ತಿದ್ದಳು. ಮೂರು ರಾತ್ರಿಯಿಂದ ನಿದ್ದೆ ಇರಲಿಲ್ಲ. "ಹೋಗಮ್ಮ, ನಾನಿದ್ದೀನಿ," ಎಂದು ಅವಳನ್ನು ಮಲಗಲು ಕಳಿಸಿ, ಅಗ್ಗಿಷ್ಟಿಕೆಯನ್ನು ಹತ್ತಿರಕ್ಕೆಳೆದು, ಕಬ್ಬಿಣದ ಸೌಟಿನಲ್ಲಿ ಮೊದಲ ಸುರುಳಿ ಇಟ್ಟು ಕೆಂಡದ ಮೇಲೆ ಹಿಡಿದಳು. ಹೆದೀಲೆ ನೋಡುತ್ತಿದ್ದಳು. ಅಕ್ಷರಗಳು ಮೊದಲು ಹೊಳೆದವು, ಬಗ್ಗಿದವು, ಆಮೇಲೆ ಎಲ್ಲವೂ ಒಂದು ಬೆಳ್ಳಿಯ ಹನಿಯಾಗಿ ಸೌಟಿನಲ್ಲಿ ಓಡಾಡಿತು.

"ನೋಡ್ದಾ? ಇದು ನಂದು. ನಿನ್ನ ಗಂಟಲು ಕಟ್ಟಿದ್ದೆ. ಬಿಚ್ಚಿತು. ಈಗ ಮಾತಾಡೇ."

ಹೆದೀಲೆ ಆಶ್ಚರ್ಯಪಡಲಿಲ್ಲ. ಅವಳ ಕಣ್ಣು ಅಕ್ಕನ ಇನ್ನೊಂದು ಮುಷ್ಟಿಯ ಮೇಲಿತ್ತು. ಬೆರಳ ಸಂದಿಯಲ್ಲಿ ಸೀಸದ ಅಂಚು ಕಾಣುತ್ತಿತ್ತು. ಅವಳಿಗೆ ಗುರುತು ಸಿಕ್ಕಿತು. ಕಣ್ಣಿನ ಎರಡೂ ಕಡೆಯಿಂದ ನೀರು ಕಿವಿಗೆ ಇಳಿಯಿತು. ಅಕ್ಕನ ಮಣಿಕಟ್ಟು ಹಿಡಿದು, ಇದ್ದ ಶಕ್ತಿಯನ್ನೆಲ್ಲ ಹಾಕಿ, ಸೌಟಿನ ಕಡೆಗೆ ಎಳೆದಳು.

ಆ ಕ್ಷಣಕ್ಕೆ ಲಿಸಿಲ್ಲಳಿಗೆ ಒಂದು ಉಪಾಯ ಹೊಳೆಯಿತು. ಹೆದೀಲೆಗೆ ಸಿಟ್ಟು ಬಂದರೆ ಸತ್ತವರೂ ಎದ್ದು ಕೂರುವಷ್ಟು ಜೋರಾಗಿ ಕೂಗುತ್ತಾಳೆ. ಬಾಚಣಿಗೆ ಕೊಡದೆ ಸತಾಯಿಸಿದರೆ ಸಾಕಿತ್ತು. ಸಿಟ್ಟು ಬರಿಸಿದರೆ ಗಂಟಲು ಬಿಟ್ಟೀತು.

"ಊಹೂಂ," ಎಂದು ಮುಷ್ಟಿಯನ್ನು ಬಿಗಿಹಿಡಿದು ಹಿಂದಕ್ಕೆ ಜಗ್ಗಿದಳು. "ಸನ್ನೆಗೆಲ್ಲ ನಾನು ಕರಗಿಸಲ್ಲ. ನೀನು ತಾನೆ ಕೂತಿರಲಿ ಅಂತ ಬರೆದಿದ್ದು? ಈಗ 'ಅಕ್ಕ, ಏಳು' ಅನ್ನು. ಬಾಯಿಬಿಟ್ಟು ಅನ್ನು. ಆಗ ಕರಗಿಸ್ತೀನಿ."

ಹೆದೀಲೆಯ ತುಟಿ ಅಲುಗಿತು.

"ಕೇಳಿಸ್ಲಿಲ್ಲ. ಜೋರಾಗಿ."

ಮತ್ತೆ ಅಲುಗಿತು. ಸದ್ದಿಲ್ಲ. ಲಿಸಿಲ್ಲ ರೇಗಿಸಿದಳು, ಅಣಕಿಸಿದಳು, "ಎಣ್ಣೆಯವನ ಮನೇಲಿ ಹೀಗೆ ಮೂಗಿ ಹಾಗೆ ಕೂರ್ತೀಯಾ?" ಎಂದಳು. ಕೊನೆಕೊನೆಗೆ ಕಾಲು ಹಿಡಿದುಕೊಂಡು ಬೇಡಿದಳು. ದೀಪ ಹಚ್ಚುವ ಹೊತ್ತಿಗೆ ಹೆದೀಲೆಯ ಕೈ ಅಕ್ಕನ ಮಣಿಕಟ್ಟಿನಿಂದ ಸಡಿಲವಾಯಿತು. ಎರಡನೆಯ ಸುರುಳಿ ಮುಷ್ಟಿಯಲ್ಲೇ ಉಳಿಯಿತು.

ಲೀಕೋನನ ಮನೆಯಲ್ಲಿ ಮದುವೆಹೂಜಿ ಆಗಲೇ ಸಿದ್ಧವಿತ್ತು. ಹೆಸರೂ ಬರೆದಾಗಿತ್ತು, ಅಕ್ಕನ ಅತ್ಯಂತ ಚೆಂದದ ಕೈಬರಹದಲ್ಲಿ. ತಳ ಒಡೆದರಾಯಿತು, ಗೋರಿಗೆ ಸಲ್ಲುತ್ತದೆ. ಅವನು ಸುತ್ತಿಗೆ ಎತ್ತಿದಾಗ ಲಿಸಿಲ್ಲ ಕೈ ಹಿಡಿದಳು.

"ಬೇಡಪ್ಪ. ಇರಲಿ ತಳ."

"ತಳ ಇದ್ರೆ ಎಣ್ಣೆ, ಹಾಲು ಅವಳಿಗೆ ಹೇಗಮ್ಮ ತಲುಪುತ್ತೆ?"

"ಏನೂ ತಲುಪೋದು ಬೇಡ. ನಮ್ಮ ಕೈಯಿಂದ ಇನ್ನೇನೂ ಅವಳಿಗೆ ತಲುಪೋದು ಬೇಡ."

ಅಪ್ಪನಿಗೆ ಅರ್ಥವಾಗಲಿಲ್ಲ, ಆದರೆ ಸುತ್ತಿಗೆ ಕೆಳಗಿಟ್ಟ. ಊರ ಗೋರಿಗಳಲ್ಲೆಲ್ಲ ತಳವಿರುವ ಹೂಜಿ ಅದೊಂದೇ. ಅದರಲ್ಲಿ ಮಳೆನೀರು ನಿಲ್ಲುತ್ತದೆ, ಗುಬ್ಬಿಗಳು ಕುಡಿಯುತ್ತವೆ.

ಶವ ಹೊರಟಾಗ ಹೆಂಗಸರ ಸಾಲಿನಲ್ಲಿ ಲಿಸಿಲ್ಲಳೂ ಬಾಗಿಲವರೆಗೆ ಬಂದಳು. ಒಂದು ಕಾಲು ಎತ್ತಿದಳು. ಎತ್ತಿದ ಕಾಲನ್ನು ಹಿಂದಕ್ಕಿಟ್ಟು, ಹೊಸ್ತಿಲ ಮೇಲೆ ಕೂತಳು. ಕೂತದ್ದು ಅಂದೇ. ಓಣಿ ತಿರುಗುವವರೆಗೂ ತಂಗಿಯ ಮುಖ ಅಲ್ಲಿಂದ ಕಾಣುತ್ತಿತ್ತು.

ವಸಂತಕ್ಕೆ ಅರ್ಖಿಪ್ಪಸನ ತಾಯಿ ನಾಚಿಕೆಯಿಂದಲೇ ಮತ್ತೆ ಬಂದು ಹಿರಿಯವಳನ್ನು ಕೇಳಿದಳು. "ಮಂಡಿ ನೋವು," ಎಂದಳು ಲಿಸಿಲ್ಲ. ಹದಿನೇಳರ ಹುಡುಗಿಯ ಮಂಡಿ! ಅಪ್ಪ ಕೂಗಾಡಿದ, ತಾಯಿ ಅತ್ತಳು, ಅಣ್ಣ ಎತ್ತಿ ಹೊರಗಿಡುತ್ತೇನೆಂದು ಬಂದವನು ಅವಳ ಮುಖ ನೋಡಿ ದಾಟಿಕೊಂಡು ಹೋದ. ಅರ್ಖಿಪ್ಪಸ್ ಬಂದರಿನ ಕಡೆಯ ಹುಡುಗಿಯನ್ನು ತಂದ, ಆರು ಮಕ್ಕಳಾದವು, ಅವನ ಭುಜಕ್ಕಿಂತ ಹೊಟ್ಟೆ ಅಗಲವಾಯಿತು. ಓಣಿಯಲ್ಲಿ ಎಣ್ಣೆ ಮಾರುತ್ತ ಬಂದಾಗ ಲಿಸಿಲ್ಲ ಅವನನ್ನು ಗುರುತಿಸಲಿಲ್ಲ. ಗುರುತಾದಾಗ ಅವಳಿಗೇ ನಗು ಬಂತು: ಇವನಿಗಾಗಿಯೇ?

ಸುರುಳಿಯನ್ನು ಕದಿರಿಗೆ ಭಾರವಾಗಿ ಕಟ್ಟಿಕೊಂಡಳು. ಮೊದಲ ವರ್ಷಗಳಲ್ಲಿ ಆಗಾಗ ಬಿಚ್ಚಿ ಓದುತ್ತಿದ್ದಳು. 'ಅಪ್ಪನ ಹೊಸ್ತಿಲು ದಾಟದಿರಲಿ, ಅಲ್ಲೇ ಕೂತಿರಲಿ.' ಗಂಡ ತನಗೆ ಸಿಗಲೆಂದು ಹೆದೀಲೆ ಬರೆದದ್ದೋ, ಅಕ್ಕ ತನ್ನನ್ನು ಬಿಟ್ಟು ಹೋಗದಿರಲೆಂದು ಬರೆದದ್ದೋ? ಆ ಮೂರು ದಿನ ಹಾಡದಿದ್ದುದು ಯಾವುದಕ್ಕೆ? ಕೇಳೋಣವೆಂದರೆ ಯಾರನ್ನು ಕೇಳುವುದು? ಓದಿ ಓದಿ ಸೀಸದ ಮಡಿಕೆ ಸೀಳತೊಡಗಿದಾಗ ಬಿಚ್ಚುವುದನ್ನು ನಿಲ್ಲಿಸಿದಳು. ಅಪ್ಪ ಹೋದ, ಅಮ್ಮ ಹೋದಳು, ಅಣ್ಣನೂ ಹೋದ. ಒಬ್ಬೊಬ್ಬರನ್ನೂ ಅವಳು ಹೊಸ್ತಿಲಿಂದಲೇ ಕಳಿಸಿದಳು. ಕದಿರು ತಿರುಗುತ್ತಲೇ ಇತ್ತು. ಆ ಸುರುಳಿಯ ಭಾರಕ್ಕೆ ನೂತ ನೂಲು ಕುಂಬಾರಗೇರಿಯ ಅರ್ಧ ಜನರ ಮೈಮೇಲಿದೆ.

ಈ ಚಳಿಗಾಲ ಕಲ್ಲಿನ ಸುದ್ದಿ ಬೆಟ್ಟದ ಬುಡದ ಅಗ್ಲೌರಸ್ ಗುಡಿಯವರೆಗೆ ಮುಟ್ಟಿತು. ಹೊಸದಾಗಿ ಬಂದ ಅರ್ಚಕಿ, ಇಪ್ಪತ್ತೆರಡು ವರ್ಷದವಳು, ಜೇನಿನ ರೊಟ್ಟಿ ಮತ್ತು ಪವಿತ್ರ ಶಿಲೆಗೆ ಹಚ್ಚುವ ಎಣ್ಣೆಯ ಗಿಂಡಿ ಹಿಡಿಸಿಕೊಂಡು ಬಂದೇಬಿಟ್ಟಳು. ಹಿಂದೆ ಇಡೀ ಓಣಿ. ಮೀನಿನವನು ಎಲ್ಲರಿಗಿಂತ ಮುಂದೆ ನಿಂತು ಸೊಂಟದ ಅಳತೆಯನ್ನು ವಿವರಿಸುತ್ತಿದ್ದ.

"ಎಣ್ಣೆ ತಂದ್ರಾ? ಒಳ್ಳೇದಾಯ್ತು," ಎಂದಳು ಪ್ಲಾಂಗೋ. "ಅತ್ತೆಗೆ ಬೆನ್ನು ಹಿಡ್ಕೊಂಡಿದೆ."

ಅರ್ಚಕಿ ಅವಳನ್ನು ಕೇಳಿಸಿಕೊಳ್ಳದೆ ಮಂಡಿಯೂರಿದಳು. ಕದಿರಿನ ತುದಿಯಲ್ಲಿ ತೂಗುವ ಸೀಸವನ್ನು ನೋಡಿ ಅವಳ ದನಿ ತಗ್ಗಿತು.

"ತಾಯೀ, ರಾಜಕುಮಾರಿಯನ್ನು ಕಲ್ಲು ಮಾಡಿದ ದೇವರೇ ನಿಮ್ಮನ್ನೂ ಇಲ್ಲಿ ಕೂರಿಸಿದ್ದಾನಾ? ಐವತ್ತು ವರ್ಷ ನೀವು ಏಳದೆ ಇರೋದು ಯಾವ ದೇವರ ಅಪ್ಪಣೆ?"

ಅಜ್ಜಿ ನೂಲಿನ ಗಂಟೊಂದನ್ನು ಉಗುರಿನಿಂದ ಬಿಡಿಸಿ, ಕದಿರನ್ನು ಮಡಿಲಲ್ಲಿಟ್ಟಳು.

"ದೇವರೂ ಇಲ್ಲ, ಗೀವರೂ ಇಲ್ಲ ಕಣಮ್ಮ. ತಂಗಿ ಕೂತಿರು ಅಂದಿದ್ಲು. ಏಳು ಅನ್ನೋಕೆ ಅವಳಿಗೆ ಆಗ್ಲಿಲ್ಲ."